ಕಿರುಗುಟ್ಟದ ಬಾಗಿಲು

ನಮ್ಮ ಮನೆಯ ಮೆಟ್ಟಿಲಿನ ಕೆಳಗಿರುವ ಕಪಾಟಿನ ಬಾಗಿಲು ಕಳೆದ ವಾರದಿಂದ ಕಿರುಗುಟ್ಟಲು ತೊಡಗಿದೆ. ಸದ್ದು ಸಣ್ಣದೇನಲ್ಲ; ಮೊದಲು ಒಂದು ನರಳಿಕೆ, ಅನಂತರ ಉದ್ದನೆಯ ಕಿರ್ರ್, ಕೊನೆಯಲ್ಲಿ ಯಾರೋ ಹಲ್ಲು ಕಚ್ಚಿದಂಥ ಚಿಕ್ಕದೊಂದು ಕಟಕ್. ಆ ಕಪಾಟಿನೊಳಗೆ ವ್ಯಾಕ್ಯೂಮ್ ಕ್ಲೀನರು, ವಿದ್ಯುತ್ ಮೀಟರು, ಮುರಿದ ಛತ್ರಿಗಳು ಮತ್ತು ವೈದ್ಯರು ನನಗೆ ನಿಷೇಧಿಸಿರುವ ಕೋಡುಬಳೆಯ ಡಬ್ಬಿ ಇರುವುದರಿಂದ, ಈ ಸದ್ದಿನಿಂದ ನನಗೆ ಒದಗಿರುವ ತೊಂದರೆ ಎಂಥದೆಂದು ವಿವರಿಸಬೇಕಾಗಿಲ್ಲ. ಆದರೆ ನನಗೆ ಸಿಟ್ಟು ಬಂದಿರುವುದು ಕೋಡುಬಳೆಯ ಕಾರಣಕ್ಕಲ್ಲ. 2012ರ ಅಕ್ಟೋಬರಿನಲ್ಲಿ ನಾಲ್ವರು ಹದಿಹರೆಯದವರು ಎರಡು ದಿನ ಎಡೆಬಿಡದೆ ಬೇಡಿಕೊಂಡರೂ ಇದೇ ಬಾಗಿಲು ಒಮ್ಮೆಯೂ ತುಟಿ ಬಿಚ್ಚಿರಲಿಲ್ಲ.

ಆಗ ನಾವು ಇಂಗ್ಲೆಂಡಿನ ರೆಡಿಂಗ್ ಊರಿನ ಈ ಮನೆಗೆ ಬಂದು ಆರು ವರ್ಷಗಳಾಗಿದ್ದವು. ಮಗಳು ನಮ್ಮ ಪಿಯುಸಿಯಂಥ ಎ-ಲೆವೆಲ್‌ನ ಮೊದಲ ವರ್ಷದಲ್ಲಿ ಮೀಡಿಯಾ ಸ್ಟಡೀಸ್ ಎಂಬ ವಿಷಯವನ್ನು ತೆಗೆದುಕೊಂಡಿದ್ದಳು. ಭೌತಶಾಸ್ತ್ರ ಬಿಟ್ಟು ಅದನ್ನು ತೆಗೆದುಕೊಂಡದ್ದರ ಬಗ್ಗೆ ಊರಿನಿಂದ ಬಂದ ದೂರವಾಣಿ ಕರೆಗಳನ್ನು ನಾನೊಬ್ಬನೇ ಎದುರಿಸಿದೆ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ. ಪರೀಕ್ಷಾ ಮಂಡಳಿಯವರು ಕೇಳಿದ್ದು ಹೊಸದೊಂದು ಕಥಾಚಿತ್ರದ ಶೀರ್ಷಿಕೆಗಳನ್ನೂ ಆರಂಭವನ್ನೂ. ಹೆಚ್ಚೆಂದರೆ ಎರಡು ನಿಮಿಷ. ಒಟ್ಟು ನೂರು ಅಂಕಗಳು, ಅದರಲ್ಲಿ ಚಿತ್ರಕ್ಕೆ ಅರವತ್ತು, ಉಳಿದ ನಲವತ್ತು ಚಿತ್ರದ ಹಿಂದೆ ಮುಂದೆ ಬರೆಯಬೇಕಾದ ಬರಹಗಳಿಗೆ. ಮಗಳ ಗುಂಪು ಭಯಾನಕ ಚಿತ್ರವನ್ನು ಆರಿಸಿಕೊಂಡಿತು. ಅವಳ ತರಗತಿಯ ಮಿಕ್ಕ ಗುಂಪುಗಳಲ್ಲಿ ಹೆಚ್ಚಿನವೂ ಅದನ್ನೇ ಆರಿಸಿಕೊಂಡಿದ್ದವು, ಏಕೆಂದರೆ ಭಯಕ್ಕೆ ಸಂಭಾಷಣೆ ಬೇಡ, ನಟನೆ ಬೇಡ, ಕತ್ತಲೆಯೊಂದಿದ್ದರೆ ಸಾಕು, ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಇಂಗ್ಲೆಂಡಿನಲ್ಲಿ ಕತ್ತಲೆ ಪುಕ್ಕಟೆ. ಜೂನ್ ತಿಂಗಳಿನಲ್ಲಿ ರಾತ್ರಿ ಒಂಬತ್ತು ಕಳೆದರೂ ಬಟ್ಟೆ ಒಣಗಿಸುವಷ್ಟು ಬೆಳಕಿರುವ ದೇಶವಿದು. ಇಲ್ಲಿನ ದೆವ್ವಗಳು ಅರ್ಧ ವರ್ಷ ರಜೆಯ ಮೇಲಿರಬೇಕು.

ಕಥೆ ಹೀಗಿತ್ತು: ಮನೆಯಲ್ಲಿ ಒಬ್ಬಳೇ ಇರುವ ಹುಡುಗಿ ಮೆಟ್ಟಿಲಿಳಿದು ಬರುತ್ತಾಳೆ, ಕಪಾಟಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಅವಳು ಒಳಗೆ ಇಣುಕುತ್ತಾಳೆ, ಪರದೆ ಕಪ್ಪಾಗುತ್ತದೆ, ಚಿತ್ರದ ಹೆಸರು ಮೂಡುತ್ತದೆ.

“ಮುಂದೇನಾಗುತ್ತದೆ?” ಎಂದು ನಾನು ಕೇಳಿದೆ.

“ಮುಂದೆ ಇಲ್ಲ ಅಪ್ಪಾ. ಇಷ್ಟಕ್ಕೇ ಅಂಕ ಇರೋದು.”

“ಹಾಗಾದರೆ ಕಪಾಟಿನೊಳಗೆ ಇದ್ದದ್ದು ಯಾರು?”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ವಿಷಯವನ್ನು ಅವರಲ್ಲಿ ಯಾರೂ ಯೋಚಿಸಿರಲಿಲ್ಲ. ನಮ್ಮಲ್ಲಿ ಆರಂಭಶೂರತ್ವವೆಂಬುದೊಂದು ಬೈಗುಳ. ಅದಕ್ಕೆ ನೂರಕ್ಕೆ ಇಷ್ಟೆಂದು ಅಂಕ ಕೊಡುವ ಪಾಠಪದ್ಧತಿಯನ್ನು ನಾನು ಕಂಡದ್ದು ಅದೇ ಮೊದಲು. ಯಾರೂ ಎಂದೂ ಸಾಯದ, ಯಾರೂ ಎಂದೂ ಪಾರಾಗದ, ಬಾಗಿಲಿನ ಎದುರು ಇಣುಕುತ್ತಲೇ ನಿಂತುಬಿಟ್ಟ ಎಷ್ಟು ಹುಡುಗಿಯರು ಈ ದೇಶದ ಶಾಲೆಗಳ ಕಂಪ್ಯೂಟರುಗಳಲ್ಲಿ ಉಳಿದಿದ್ದಾರೋ ಏನೋ.

ಬಾಗಿಲು ತೆರೆಯುವುದು ಅವರಿಗೆ ಹೊಸದಾಗಿರಲಿಲ್ಲ. ದೊಡ್ಡ ಚಿತ್ರಕ್ಕೆ ಮೊದಲು ಕಡ್ಡಾಯವಾದ ಒಂದು ಪುಟ್ಟ ಅಭ್ಯಾಸವಿತ್ತು: ಒಬ್ಬ ವ್ಯಕ್ತಿ ಬಾಗಿಲು ತೆರೆದು, ಕೋಣೆಯನ್ನು ದಾಟಿ, ಇನ್ನೊಬ್ಬರ ಎದುರಿನ ಕುರ್ಚಿಯಲ್ಲಿ ಕುಳಿತು ಎರಡು ಮಾತನಾಡಬೇಕು. ಹಿಡಿಕೆಗೆ ಕೈ ಹಾಕಿದ್ದು ಹೊರಗಿನ ಚಿತ್ರಿಕೆಯಲ್ಲಿ (ಶಾಟ್), ಬಾಗಿಲು ತೆರೆದದ್ದು ಒಳಗಿನ ಚಿತ್ರಿಕೆಯಲ್ಲಿ. ನಡುವೆ ಕತ್ತರಿಸಿದ ಗುರುತು ಕಾಣಬಾರದು. ಮಾತನಾಡುವ ಇಬ್ಬರ ನಡುವೆ ಕಣ್ಣಿಗೆ ಕಾಣದ ಗೆರೆಯೊಂದಿರುತ್ತದೆಯಂತೆ, ಕ್ಯಾಮೆರಾ ಅದನ್ನು ದಾಟಿ ಆಚೆಗೆ ಹೋಗಬಾರದಂತೆ. ನೂರ ಎಂಬತ್ತು ಡಿಗ್ರಿಯ ಈ ನಿಯಮವನ್ನು ಮಗಳು ಕಾಗದದ ಮೇಲೆ ಬರೆದು ಅರ್ಧ ಗಂಟೆ ವಿವರಿಸಿದಳು. ಶಿವಾಲಯದಲ್ಲಿ ನಂದಿಗೂ ಲಿಂಗಕ್ಕೂ ನಡುವೆ ಹಾಯಬಾರದು ಎಂದು ಹೇಳಿದ್ದರೆ ನನಗೆ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತಿತ್ತು ಎಂದು ನಾನು ಹೇಳಿದ್ದನ್ನು ಅವಳು ಬರೆದುಕೊಳ್ಳಲಿಲ್ಲ.

ಅಕ್ಟೋಬರಿನ ರಜೆಯ ವಾರದಲ್ಲಿ ಚಿತ್ರೀಕರಣ ನಡೆಯಿತು. ಸಕ್ಕರೆ ಪಾಕದಂಥ ಗೋಲ್ಡನ್ ಸಿರಪ್‌ಗೆ ಕೆಂಪು ಬಣ್ಣ ಮತ್ತು ಚಿಟಿಕೆ ಕೋಕೋ ಪುಡಿ ಬೆರೆಸಿ ರಕ್ತವನ್ನು ಕಾಯಿಸಿದರು. ಹಿಚ್‌ಕಾಕ್ 1960ರ ‘ಸೈಕೋ’ ಚಿತ್ರದಲ್ಲಿ ರಕ್ತಕ್ಕೆ ಚಾಕೊಲೇಟ್ ಸಿರಪ್ಪನ್ನೇ ಬಳಸಿದ್ದ ಎಂದು ಎತ್ತರದ ಹುಡುಗನೊಬ್ಬ ನನಗೆ ತಿಳಿಸಿದ. ಹಿಚ್‌ಕಾಕ್ ಅದನ್ನು ಸುರಿದದ್ದು ಸ್ನಾನದ ಮನೆಯಲ್ಲಿ, ನನ್ನ ತಿಳಿ ಹಳದಿ ಕಾರ್ಪೆಟ್ಟಿನ ಮೇಲಲ್ಲ, ಎಂದು ನಾನೂ ಅವನಿಗೆ ತಿಳಿಸಿದೆ. ಆ ಕಲೆಯ ಮೇಲೆ ಈಗ ಒಂದು ಕುಂಡವಿದೆ. ಕುಂಡ ಅಲ್ಲೇಕೆ, ನಡೆಯುವ ದಾರಿಯಲ್ಲಿ, ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ.

ರಕ್ತವಾಯಿತು, ಕತ್ತಲೆಯಾಯಿತು, ಆದರೆ ಬಾಗಿಲು ಕಿರುಗುಟ್ಟಲಿಲ್ಲ. ಉಕ್ಕಿನ ಮೂರು ಕೀಲುಗಳ ಮೇಲೆ ನಿಂತ, ಬೆರಳಿನಿಂದ ತಳ್ಳಿದರೆ ಬೆಣ್ಣೆಯಂತೆ ಜಾರುವ ಬಾಗಿಲದು. ಹುಡುಗರು ತಿರುಪು ಸಡಿಲಿಸಿ ನೋಡಿದರು, ಕೀಲಿನೊಳಗೆ ಉಪ್ಪು ತುಂಬಿ ನೋಡಿದರು. ನಾನು ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಹಾಕಿ ಜಿಡ್ಡು ತೆಗೆಯುವಂತೆ ಸಲಹೆ ಮಾಡಿದೆ. ಈ ಸಲಹೆ ನನ್ನ ಸ್ವಂತದ್ದಲ್ಲ, ಅದು ನಮ್ಮ ಅಜ್ಜಯ್ಯನದು; ಹೀಗಾಗಿ ಅಜ್ಜಯ್ಯನ ಮನೆಯ ಹೆಬ್ಬಾಗಿಲಿನ ವಿಷಯವನ್ನು ಇಲ್ಲಿ ಹೇಳದೆ ವಿಧಿಯಿಲ್ಲ.

ತೀರ್ಥಹಳ್ಳಿಯಿಂದ ಬಹಳ ಒಳಗೆ, ಅಡಿಕೆ ತೋಟದ ತಲೆಯಲ್ಲಿದ್ದ ಆ ಮನೆಯ ಹೆಬ್ಬಾಗಿಲು ಹಲಸಿನ ಮರದ್ದು. ಅದಕ್ಕೆ ಕಬ್ಬಿಣದ ಕೀಲುಗಳಿರಲಿಲ್ಲ; ಬಾಗಿಲಿನ ಹಲಗೆಯಿಂದಲೇ ಮೇಲಕ್ಕೂ ಕೆಳಕ್ಕೂ ಚಾಚಿಕೊಂಡಿದ್ದ ಗೂಟಗಳು ದಾರಂದದ ಮತ್ತು ಹೊಸ್ತಿಲಿನ ಕುಳಿಗಳಲ್ಲಿ ತಿರುಗುತ್ತಿದ್ದವು. ಮಳೆಗಾಲದಲ್ಲಿ ಮರ ಉಬ್ಬಿ ಅದರ ದನಿ ದಪ್ಪವಾಗುತ್ತಿತ್ತು, ಬೇಸಿಗೆಯಲ್ಲಿ ಒಣಗಿ ತೀಕ್ಷ್ಣವಾಗುತ್ತಿತ್ತು. ಅಜ್ಜಯ್ಯ ಅದಕ್ಕೆ ಎಣ್ಣೆ ಹಾಕಲು ಯಾರನ್ನೂ ಬಿಡುತ್ತಿರಲಿಲ್ಲ. ನಾಯಿ ಸಾಕಿದರೆ ಅನ್ನ ಹಾಕಬೇಕು, ಈ ಬಾಗಿಲಿಗೆ ಅದೂ ಬೇಡ, ಎನ್ನುತ್ತಿದ್ದರು. ಒಳಗೆ ನಡುಮನೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರೂ, ಬಾಗಿಲಿನ ಸದ್ದು ಕೇಳಿಯೇ ಬಂದವರು ಚಿಕ್ಕಪ್ಪನೋ, ಕೆಲಸದ ಆಳೋ, ಸಾಲ ಕೇಳಲು ಬಂದ ನೆಂಟನೋ ಎಂದು ಹೇಳಿಬಿಡುತ್ತಿದ್ದರು; ನೆಂಟನಾದರೆ ನಿದ್ದೆ ಮುಂದುವರಿಯುತ್ತಿತ್ತು.

ಇಂಥ ಬಾಗಿಲಿನ ಮನೆಯಲ್ಲಿ ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಟೂರಿಂಗ್ ಟಾಕೀಸಿನ ಎರಡನೆಯ ಆಟಕ್ಕೆ ಕದ್ದು ಹೋಗುವ ವ್ಯಸನ ಹಚ್ಚಿಕೊಂಡಿದ್ದೆ. ಅಗುಳಿ ಹಾಕದೆ ಬಿಡುವಂತೆ ಅಜ್ಜಮ್ಮನನ್ನು ಒಪ್ಪಿಸಿಕೊಂಡಿದ್ದೆ. ಬಾಗಿಲನ್ನು ತುಸು ಮೇಲೆತ್ತಿ, ಬಲಕ್ಕೆ ಒತ್ತಿ, ಉಸಿರು ಬಿಗಿಹಿಡಿದು ತಳ್ಳಿದರೆ ಸದ್ದು ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು ಒಂದಿಡೀ ಬೇಸಿಗೆಯ ಸಾಧನೆಯಿಂದ ಕಂಡುಕೊಂಡಿದ್ದೆ. ಉಳಿದರ್ಧವೇ ಅಪಾಯದ್ದು. 1979ರಲ್ಲಿ ಬಿಡುಗಡೆಯಾಗಿದ್ದ ‘ನಾ ನಿನ್ನ ಬಿಡಲಾರೆ’ ನಮ್ಮ ಕಡೆಯ ಡೇರೆಗೆ ಬರುವಾಗ ಎರಡು ವರ್ಷ ಕಳೆದಿತ್ತು. ಅದು ಬಂದ ದಿನ ನಾನು ಯಾವ ಅಪಾಯಕ್ಕೂ ಎಡೆಗೊಡಬಾರದೆಂದು, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಜ್ಜಮ್ಮನ ಹರಳೆಣ್ಣೆಯ ಶೀಶೆಯನ್ನು ತಂದು, ಮೇಲಿನ ಕುಳಿಗೆ ಅರ್ಧ, ಕೆಳಗಿನ ಕುಳಿಗೆ ಅರ್ಧ ಸುರಿದುಬಿಟ್ಟೆ.

ಅನಂತನಾಗರ ಮೈಮೇಲೆ ಬಂದ ಪ್ರೇತವನ್ನು ಗೋಣಿಯ ಮೇಲೆ ಕುಳಿತು ನೋಡಿದ ನಾವು ಮೂವರು ಹುಡುಗರು ಮನೆಗೆ ಮರಳುವಾಗ ಒಬ್ಬರ ಹೆಗಲನ್ನು ಒಬ್ಬರು ಬಿಡಲಿಲ್ಲ. ಮಿಕ್ಕ ಇಬ್ಬರ ಮನೆಗಳು ಮೊದಲು ಬಂದವು. ಕೊನೆಯ ಅರ್ಧ ಮೈಲಿ ತೋಟದ ನಡುವೆ ನಾನೊಬ್ಬನೇ, ಮಂಜಿಗೆಂದು ತಲೆಯಿಂದ ಮೊಣಕಾಲಿನವರೆಗೆ ಹೊದ್ದ ಬಿಳಿಯ ಪಂಚೆಯೊಳಗೆ. ನಡುರಾತ್ರಿಯಲ್ಲಿ ಅಡಿಕೆಯ ಹಾಳೆಯೊಂದು ಕಳಚಿ ಬೀಳುವ ಸದ್ದನ್ನು ಕೇಳಿದವರಿಗೆ ಅದು ಎಂಥದೆಂದು ಹೇಳಬೇಕಾಗಿಲ್ಲ, ಕೇಳದವರಿಗೆ ಹೇಳಿ ಪ್ರಯೋಜನವಿಲ್ಲ. ಹಿಂದೆ ಪ್ರೇತ, ಮುಂದೆ ಅಜ್ಜಯ್ಯ. ಎರಡರ ನಡುವೆ ನಾನು ಪ್ರೇತದ ಕಡೆಗೇ ಬೆನ್ನು ಹಾಕಿ ಓಡಿದ್ದನ್ನು ನೋಡಿದರೆ ಅಜ್ಜಯ್ಯನ ಭಯ ಆ ಹೊತ್ತಿಗೆ ತುಸು ಕಡಿಮೆಯಾಗಿದ್ದಿರಬೇಕು. ಬಾಗಿಲನ್ನು ಮುಟ್ಟಿದೆ. ಅದು ತೆರೆದುಕೊಂಡಿತು, ಒಂದು ಉಸಿರಿನಷ್ಟೂ ಸದ್ದಿಲ್ಲದೆ.

ಅಜ್ಜಯ್ಯ ನೀರು ಕುಡಿಯಲೆಂದು ಎದ್ದು, ಬುಡ್ಡಿದೀಪದ ಮಂದ ಬೆಳಕಿನಲ್ಲಿ ಚೊಂಬು ಹಿಡಿದು ನಿಂತಿದ್ದರು. ಎಪ್ಪತ್ತು ವರ್ಷ ಆ ಬಾಗಿಲಿನ ಕೂಗನ್ನು ಕೇಳುತ್ತ ಬಂದಿದ್ದ ಅವರ ಕಣ್ಣೆದುರು ಅದು ಮೌನವಾಗಿ ಸರಿದು, ನಡುವೆ ಬೆಳ್ಳಗೆ ಏನೋ ನಿಂತಿತು. ಕಾಡಾನೆಗೆ, ಅಮಲ್ದಾರರಿಗೆ, ಕೊನೆಗೆ ಅಜ್ಜಮ್ಮನಿಗೂ ಹೆದರದಿದ್ದ ಮನುಷ್ಯ ಗಂಟಲೇ ಹರಿಯುವಂತೆ “ರಾಮಾ!” ಎಂದು ಕೂಗಿ, ಕೈಯಲ್ಲಿದ್ದ ತಾಮ್ರದ ಚೊಂಬನ್ನು ನೀರಿನ ಸಮೇತ ನನ್ನ ಮೇಲೆ ಎಸೆದರು. ಗುರಿ ತಪ್ಪಲಿಲ್ಲ, ಗುರುತು ಎಡಹುಬ್ಬಿನ ಮೇಲೆ ಈಗಲೂ ಇದೆ. ಬೆಳಗಾದ ಮೇಲೆ ಅವರು ಸಿನಿಮಾದ ವಿಷಯವನ್ನು ಒಂದಕ್ಷರವೂ ಎತ್ತಲಿಲ್ಲ. ಎಣ್ಣೆಯ ವಿಷಯಕ್ಕೆ ಮಾತ್ರ ಕ್ಷಮೆಯಿರಲಿಲ್ಲ. ಮೂರು ದಿನ ನನ್ನ ಕೈಯಿಂದಲೇ ಎರಡೂ ಕುಳಿಗಳಿಗೆ ಸೀಗೆಪುಡಿ ಹಾಕಿಸಿ, ಬಿಸಿನೀರಿನಲ್ಲಿ ತೊಳೆಸಿ, ನಾಲ್ಕನೆಯ ದಿನ ಬಾಗಿಲು ಮತ್ತೆ ಕಿರ್ರೆಂದಾಗ ಮಗುವಿನ ಮೊದಲ ಮಾತು ಕೇಳಿದವರಂತೆ ತಲೆದೂಗಿದರು.

ಇದಿಷ್ಟನ್ನೂ ನಾನು ಹುಡುಗರಿಗೆ, ಆದಷ್ಟು ಸಂಕ್ಷೇಪವಾಗಿ, ಹೇಳಿದೆ. ಸೋಪಿನ ದ್ರವ ಸೀಗೆಪುಡಿಯ ಕೆಲಸ ಮಾಡಲಿಲ್ಲವಾದ್ದರಿಂದ, ಬಾಗಿಲು ಸದ್ದಿಲ್ಲದೆಯೇ ತೆರೆಯಲಿ, ಅದೇ ಹೆಚ್ಚು ಭಯಂಕರ, ಎಂದೂ ಹೇಳಿದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡರು. ಅನಂತರ, ಭಯಾನಕ ಚಿತ್ರದ ಬಾಗಿಲು ಕಿರುಗುಟ್ಟಬೇಕಾದದ್ದು ಆ ಪ್ರಕಾರದ ಸಂಪ್ರದಾಯ, ಸಂಪ್ರದಾಯಗಳ ಪಟ್ಟಿಯನ್ನು ಮಾಡಿ ಆಗಲೇ ಶಿಕ್ಷಕರಿಗೆ ತೋರಿಸಿಯಾಗಿದೆ, ಎಂದು ಮಗಳು ಹೇಳಿದಳು. ದೆವ್ವಕ್ಕೂ ಪಟ್ಟಿ, ಭಯಕ್ಕೂ ಪಟ್ಟಿ! ನಾಲ್ವತ್ತೈದು ವರ್ಷದ ಗಂಡಸೊಬ್ಬ ಹಣೆಯ ಗಾಯವನ್ನೇ ಸಾಕ್ಷ್ಯವಾಗಿ ಮುಂದಿಟ್ಟರೂ, ಪಟ್ಟಿಯ ಐದನೆಯ ಸಾಲನ್ನು ಹೊಡೆದುಹಾಕಲು ಅವರಿಗೆ ಮನಸ್ಸು ಬರಲಿಲ್ಲ.

ಸದ್ದನ್ನು ಎಲ್ಲಿಂದಲೋ ಎತ್ತಿಕೊಳ್ಳುವಂತಿರಲಿಲ್ಲ. ಸ್ವಂತದ್ದಾಗಿರಬೇಕು ಅಥವಾ ಹಕ್ಕುಸ್ವಾಮ್ಯವಿಲ್ಲದ ಕಡೆಯಿಂದ ತಂದದ್ದಾಗಿರಬೇಕು. ಮನೆಯಲ್ಲೆಲ್ಲ ಹುಡುಕಿ ಕೊನೆಗೆ ಅವರು ಆರಿಸಿದ್ದು ನಮ್ಮ ಇಸ್ತ್ರಿ ಮೇಜನ್ನು. ಅದರ ಕಾಲುಗಳನ್ನು ನಿಧಾನವಾಗಿ ಬಿಡಿಸಿದರೆ ಬರುವ ಕೂಗು ಅಜ್ಜಯ್ಯನ ಬಾಗಿಲಿನ ಬೇಸಿಗೆಯ ದನಿಗೆ ತೀರ ದೂರದ್ದಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅಡುಗೆಮನೆಯಲ್ಲಿ ಧ್ವನಿಮುದ್ರಣ. ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಬರಬಾರದೆಂದು ಅದರ ಸ್ವಿಚ್ ಆರಿಸಿದರು. ಮೇಜಿನ ಕಾಲುಗಳನ್ನು ಹದವಾಗಿ ಬಿಡಿಸುವ ತೋಳ್ಬಲ ನನಗೊಬ್ಬನಿಗೇ ಇದ್ದುದರಿಂದ ಹದಿನೇಳು ಸಲ ಬಿಡಿಸಿ ಮಡಿಸಿದವನು ನಾನು. ಆ ದಿನ ಅಕ್ಟೋಬರ್ 31, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಬರುವ ಹ್ಯಾಲೋವೀನ್. ಐದನೆಯ ಸಲಕ್ಕೆ ಕರೆಗಂಟೆ ಬಾರಿಸಿತು. ಬಾಗಿಲಿನಲ್ಲಿ ಮೂರಡಿ ಎತ್ತರದ ಎರಡು ದೆವ್ವಗಳೂ ಒಂದು ಮಾಟಗಾತಿಯೂ ಬಕೆಟ್ ಹಿಡಿದು ಮಿಠಾಯಿ ಕೇಳುತ್ತಿದ್ದವು. ಒಂಬತ್ತನೆಯ ಸಲಕ್ಕೆ ಮತ್ತೆ ಗಂಟೆ. ಹನ್ನೆರಡನೆಯ ಸಲಕ್ಕೆ ಯಾರೋ ಬೀದಿಯಲ್ಲಿ, ಇಲ್ಲಿನವರು ಪಟಾಕಿ ಹೊಡೆಯುವ ನವೆಂಬರ್ 5ರವರೆಗೆ ಕಾಯಲಾರದೆ, ಪಟಾಕಿ ಹಚ್ಚಿದರು. ಫ್ರಿಜ್ಜನ್ನು ಮತ್ತೆ ಹಾಕಬೇಕೆಂಬುದು ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಬಾಗಿಲು ತೆರೆದು ನೋಡುವವರೆಗೆ ಯಾರಿಗೂ ನೆನಪಾಗಲಿಲ್ಲ. ತುರಿದು ಗಟ್ಟಿ ಮಾಡಿಟ್ಟಿದ್ದ ತೆಂಗಿನಕಾಯಿಯ ನಾಲ್ಕು ಪೊಟ್ಟಣಗಳು ಕರಗಿ ಹೋಗಿದ್ದವು. ಆ ವಾರ ಪ್ರತಿ ದಿನವೂ ಚಟ್ನಿ. ನಮ್ಮ ಮನೆಯಲ್ಲಿ ನಡೆದ ಭಯಾನಕ ಚಿತ್ರದ ಆರಂಭ ನಿಜವಾಗಿ ಅದೇ. ಅದಕ್ಕೆ ಮುಂದುವರಿದ ಭಾಗವೂ ಇತ್ತು.

ಚಿತ್ರ ಸಿದ್ಧವಾಯಿತು. ಒಂದು ನಿಮಿಷ ಐವತ್ತೆಂಟು ಸೆಕೆಂಡು. ಅದರಲ್ಲಿ ಹನ್ನೊಂದು ಸಲ ಹೆಸರುಗಳು ಬಂದು ಹೋಗುತ್ತವೆ. ನಾಲ್ವರೇ ನಿರ್ದೇಶಕರು, ಸಂಕಲನಕಾರರು, ವಸ್ತ್ರವಿನ್ಯಾಸಕರು, ಮತ್ತೊಮ್ಮೆ ನಿರ್ಮಾಪಕರು. ಇಸ್ತ್ರಿ ಮೇಜಿನ ಕಲಾವಿದನ ಹೆಸರಿಲ್ಲ. ಆಮೇಲೆ ಮೌಲ್ಯಮಾಪನದ ಏಳು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಿತ್ತು. ನಿಮ್ಮ ಚಿತ್ರ ನಿಜವಾದ ಚಿತ್ರಗಳ ಸಂಪ್ರದಾಯಗಳನ್ನು ಹೇಗೆ ಬಳಸಿಕೊಂಡಿದೆ, ಬೆಳೆಸಿದೆ ಅಥವಾ ಪ್ರಶ್ನಿಸಿದೆ ಎಂಬುದು ಮೊದಲನೆಯ ಪ್ರಶ್ನೆ. ಪ್ರಶ್ನಿಸಲು ಸಿಕ್ಕ ಒಳ್ಳೆಯದೊಂದು ಅವಕಾಶ ಮೆಟ್ಟಿಲಿನ ಕೆಳಗೆ ಸದ್ದಿಲ್ಲದೆ ನಿಂತಿತ್ತು ಎಂದು ನಾನು ಅಡುಗೆಮನೆಯಿಂದ ಕೂಗಿ ಹೇಳಿದೆ. ಉತ್ತರ ಬರಲಿಲ್ಲ. ಆದರೆ ಅವರಿಗೆ ಒಳ್ಳೆಯ ಅಂಕಗಳೇ ಬಂದವು, ಮತ್ತು ಧ್ವನಿಯ ಬಳಕೆಯನ್ನು ಶಿಕ್ಷಕರು ವಿಶೇಷವಾಗಿ ಮೆಚ್ಚಿಕೊಂಡರಂತೆ.

ಈಗ, ಯಾರಿಗೂ ಬೇಡವಾದಾಗ, ಬಾಗಿಲು ಕಿರುಗುಟ್ಟುತ್ತಿದೆ. ಫೋನಿನಲ್ಲಿ ಮುದ್ರಿಸಿ ಮಗಳಿಗೆ ಕಳುಹಿಸಿದೆ. ಲೀಡ್ಸ್‌ನಲ್ಲಿ ವಿಮಾ ಕಂಪನಿಯೊಂದರ ಕೆಲಸದಲ್ಲಿರುವ ಅವಳು, “ಎಣ್ಣೆ ಹಾಕಿ ಅಪ್ಪಾ” ಎಂದಷ್ಟೇ ಬರೆದಳು. ಎಣ್ಣೆಯೇನೋ ಇದೆ, ಆದರೆ ಇನ್ನೂ ಹಾಕಿಲ್ಲ. ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ, ದೀಪ ಹಾಕದೆ ಕೆಳಗಿಳಿದು, ಹಿಡಿಕೆಯನ್ನು ಹಿಡಿದು, ಬಾಗಿಲನ್ನು ತುಸು ಮೇಲೆತ್ತಿ, ಬಲಕ್ಕೆ ಒತ್ತಿ, ಉಸಿರು ಬಿಗಿಹಿಡಿದು ತಳ್ಳಿದೆ. ಸದ್ದು ಅರ್ಧಕ್ಕೆ ಇಳಿಯಿತು.

“ಯಾರದು?” ಎಂದಳು ಹೆಂಡತಿ, ಮೇಲಿನಿಂದ.