ಬೆಂಚಿನ ಮೇಲೊಂದು ಟವೆಲ್

ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ಟವೆಲ್ ಎಸೆಯುವುದು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಟವೆಲ್ ಬಿದ್ದ ಸೀಟು ಟವೆಲಿನವನದ್ದು. ಟವೆಲ್ ಇಲ್ಲದವರು ಕೊಡೆ ಹಾಕುತ್ತಾರೆ. ಕೊಡೆಯೂ ಇಲ್ಲದವರು ಮಗುವನ್ನೇ ಕಿಟಕಿಯಿಂದ ದಾಟಿಸುತ್ತಾರೆ. ಇದನ್ನು ಯಾವ ಕಾನೂನೂ ಹೇಳಿಲ್ಲ. ಆದರೂ ಜಗಳ ಬಿದ್ದರೆ ಇಡೀ ಬಸ್ಸು ಟವೆಲಿನ ಪರವೇ ಮಾತಾಡುತ್ತದೆ.

ಇದೇ ಪದ್ಧತಿ ಜಿಮ್ಮಿಗೂ ಬಂದಿದೆ ಅಂತ ಗೊತ್ತಾಗಿದ್ದು ಕಳೆದ ಮಳೆಗಾಲದಲ್ಲಿ. ಮಳೆ ಹಿಡಿದು ಬೆಳಗಿನ ವಾಕಿಂಗ್ ನಿಂತುಹೋಗಿತ್ತು. (ತೀರ್ಥಹಳ್ಳಿಯ ನೆಂಟರು "ಶಿವಮೊಗ್ಗದ್ದೂ ಒಂದು ಮಳೆಯಾ?" ಅಂತ ನಗುತ್ತಾರೆ. ನಗಲಿ, ಒದ್ದೆಯಾಗುವುದು ನಾನು ತಾನೇ.) ವಿನೋಬನಗರದ ನಮ್ಮ ಮನೆ ಹತ್ತಿರವೇ ಒಂದು ಜಿಮ್ ಇತ್ತು. 52ನೇ ವಯಸ್ಸಿನಲ್ಲಿ ಹೋಗಿ ಸೇರಿಕೊಂಡೆ.

ಮೊದಲ ದಿನ ನೋಡಿದರೆ ಬೆಂಚ್ ಪ್ರೆಸ್ ಮಾಡುವ, ಅಂದರೆ ಅಂಗಾತ ಮಲಗಿ ಎದೆಯ ಮೇಲಿಂದ ರಾಡು ಎತ್ತುವ ಬೆಂಚಿನ ಮೇಲೆ ನೀಲಿ ಟವೆಲ್. ಅದರ ಯಜಮಾನ ಆ ಮೂಲೆಯಲ್ಲಿ ಕೂತು ಕೇಬಲ್ ಎಳೆಯುತ್ತಿದ್ದ. ಪಕ್ಕದ ಇನ್ನೊಂದು ಮಶೀನಿಗೆ ಅವನ ನೀರಿನ ಬಾಟಲಿ ಕಾವಲು. ಒಬ್ಬನೇ ಮನುಷ್ಯ, ಮೂರು ಸೀಟು. ಬಸ್ಸಿನಲ್ಲಾದರೆ ಹಿಂದೆ ಹೆಂಡತಿ ಮಕ್ಕಳು ಬರುವವರಿರುತ್ತಾರೆ. ಇವನ ಹಿಂದೆ ಯಾರೂ ಕಾಣಲಿಲ್ಲ.

ಕೇಳಬಹುದಿತ್ತು, ಅಲ್ವಾ? ಮಲೆನಾಡಿನವರಿಗೆ ಕಷ್ಟವಾಗುವುದೇ ಅದು. ನಮ್ಮೂರಲ್ಲಿ ಅಡಿಕೆ ಕೊಯ್ಯುವ ದೋಟಿ ಕೇಳಲು ಬಂದವರು ದೋಟಿ ಅಂತ ಶುರು ಮಾಡುವುದಿಲ್ಲ. ಮೊದಲು ಕಾಫಿ. ಆಮೇಲೆ ಮಳೆ, ಅಡಿಕೆ ರೇಟು, ಯಾರದ್ದೋ ಮಗಳ ಮದುವೆ. ಎದ್ದು, ಚಪ್ಪಲಿ ಮೆಟ್ಟಿ, ಅಂಗಳ ಇಳಿದು, ದಣಪೆ (ಬೇಲಿಯ ಗೇಟು) ಹತ್ತಿರ ಹೋಗಿ ತಿರುಗಿ ನಿಂತು, "ಹಂಗಾರೆ ಆ ದೋಟಿ ಖಾಲಿ ಇದ್ಯಾ ಮಾರಾಯ್ರೆ?" ಅನ್ನಬೇಕು. ಈ ಕ್ರಮದಲ್ಲೇ ನಾನು ಆ ಹುಡುಗನ ಹತ್ತಿರ ಹೋಗಿ "ಕಾಫಿ ಆಯ್ತಾ?" ಅಂದೆ. ಅವನು ಕಿವಿಯಿಂದ ಇಯರ್‌ಫೋನ್ ತೆಗೆದು, "ಬ್ಲ್ಯಾಕ್ ಕಾಫಿ ಸರ್, ಮನೇಲೇ ಆಯ್ತು" ಅಂದ. ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಮಾತು ದಣಪೆವರೆಗೆ ಹೋಗಲೇ ಇಲ್ಲ.

ಸರಿಯಾದ ಮಂತ್ರ ಸಿಕ್ಕಿದ್ದು ಒಬ್ಬಳು ಕಾಲೇಜು ಹುಡುಗಿಯಿಂದ. ಅವಳು ನೆಟ್ಟಗೆ ಅವನ ಮುಂದೆ ಹೋಗಿ, "ಇನ್ನೆಷ್ಟು ಸೆಟ್ ಇದೆ?" ಅಂದಳು. "ಮೂರು." "ಸರಿ, ಮಧ್ಯ ಮಧ್ಯ ನಾನೂ ಮಾಡ್ಕೊಳ್ತೀನಿ." ಮುಗಿಯಿತು. ಕಾಫಿ ಇಲ್ಲ, ಅಡಿಕೆ ರೇಟಿಲ್ಲ. ಲೆಕ್ಕವೂ ಸರಿಯೇ. ಒಂದು ಸೆಟ್ ಅಂದರೆ ಬಿಡದೆ ಭಾರ ಎತ್ತುವುದು ಅರ್ಧ ನಿಮಿಷ, ಆಮೇಲೆ ಎರಡು ಮೂರು ನಿಮಿಷ ಸುಧಾರಿಸಿಕೊಳ್ಳಬೇಕು. ಅಷ್ಟು ಹೊತ್ತೂ ಬೆಂಚು ಸುಮ್ನೆ ಬಿದ್ದಿರುತ್ತದೆ, ಇಲ್ಲವೇ ಅದರ ಮೇಲೆ ಕೂತು ಯಾರೋ ರೀಲ್ಸ್ ನೋಡುತ್ತಿರುತ್ತಾರೆ. ರಾಡಿನ ಎರಡು ತುದಿಗೆ ಸಿಕ್ಕಿಸುವ ತೂಕದ ಪ್ಲೇಟ್ ಬದಲಿಸುವ ತಾಪತ್ರಯ ಒಂದಿದೆ, ನಿಜ. ಅವನದ್ದು 80 ಕಿಲೋ, ನನ್ನದು ಖಾಲಿ ರಾಡು. ಆದರೆ ಆ ದೊಡ್ಡ ರಾಡು ಖಾಲಿ ಇದ್ದರೂ 20 ಕಿಲೋ ತೂಗುತ್ತದೆ. ಇದನ್ನು ನಾನು ಮನೆಯಲ್ಲೂ ಹೇಳಿದ್ದೇನೆ.

ಟವೆಲ್ ಹಾಕಿ ಹೋಗುವವರನ್ನು ಬೇಕಾದರೆ ಕ್ಷಮಿಸಬಹುದು. ಪ್ಲೇಟ್ ಬಿಚ್ಚದೆ ಹೋಗುವವರ ಮೇಲೆ ನನಗೆ ಸಿಟ್ಟು ಜಾಸ್ತಿ. ಜಿಮ್ಮಿನ ಬಾಗಿಲಲ್ಲಿ ಆಂಜನೇಯನ ಫೋಟೋ ಇದೆ. ಹುಡುಗರು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಬರುತ್ತಾರೆ. ಅದು ಗರಡಿಮನೆಯಿಂದ ಬಂದ ಅಭ್ಯಾಸ. ಆದರೆ ಗರಡಿಯಲ್ಲಿ ಕುಸ್ತಿ ಆಡುವ ಮಟ್ಟಿಯ ಮಣ್ಣು ಅಗೆದು ಹದ ಮಾಡುವುದೂ ಪೈಲ್ವಾನರದ್ದೇ ಕೆಲಸವಾಗಿತ್ತು. ಆ ಅಭ್ಯಾಸ ಮಾತ್ರ ಹೊಸ್ತಿಲಾಚೆಯೇ ಉಳಿದಿದೆ. ಒಂದು ಬೆಳಿಗ್ಗೆ ಯಾರೋ ಪುಣ್ಯಾತ್ಮರು ಎರಡೂ ಕಡೆ 20 ಕಿಲೋದ ಎರಡೆರಡು ಪ್ಲೇಟ್ ಬಿಟ್ಟುಹೋಗಿದ್ದರು. ನಾನು ಶಿಸ್ತಾಗಿ ಬಲಗಡೆಯ ಎರಡನ್ನೂ ತೆಗೆದೆ. ಎರಡನೆಯದು ಕೈಗೆ ಬಂದಿದ್ದೇ ತಡ, ಎಡಗಡೆಯ 40 ಕಿಲೋ ಕೆಳಗೆ, ರಾಡು ಮೇಲೆ! ನನ್ನ ಕಿವಿಯ ಪಕ್ಕದಿಂದ ಹಾರಿ ಕನ್ನಡಿಗೆ ಒಂದು ಗೇಣು ದೂರದಲ್ಲಿ ಬಿತ್ತು. ಹಾಡು ಕೂಡ ನಿಂತ ಹಾಗನ್ನಿಸಿತು. ಒಂದು ಈ ಕಡೆ, ಒಂದು ಆ ಕಡೆ ಅಂತ ತೆಗೆಯಬೇಕಂತೆ. ತಕ್ಕಡಿ ನೋಡಿ ಬೆಳೆದವನಿಗೆ ಇಷ್ಟು ಹೊಳೆಯಬೇಕಿತ್ತು.

ಬೆವರಿನ ವಿಷಯಕ್ಕೆ ಬಂದರೆ ನನಗೆ ಔಷಧಿ ಹೊಡೆಯುವ ಪಂಪು ನೆನಪಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತೊಳೆಯದೆ ಇಟ್ಟರೆ ಸುಣ್ಣ ಒಣಗಿ ನಾಜಲ್ ಕಟ್ಟಿಕೊಳ್ಳುತ್ತದೆ. ಹಾಗೆ ಪಂಪು ವಾಪಸ್ ಕೊಟ್ಟವನ ಸುದ್ದಿ ಅವನ ಮಕ್ಕಳ ಮದುವೆವರೆಗೂ ಊರಲ್ಲಿ ಓಡಾಡುತ್ತಿರುತ್ತದೆ. ಬೆಂಚಿನ ಮೇಲೆ ಬೆನ್ನಿನ ಅಚ್ಚು ಬಿಟ್ಟು ಹೋಗುವವರನ್ನು ಕಂಡಾಗ ನಾನೂ ಮನಸ್ಸಿನಲ್ಲಿ ಹೆಸರು ಬರೆದಿಟ್ಟುಕೊಳ್ಳುತ್ತೇನೆ. ಹಾಗಂತ ನನ್ನ ಟವೆಲೇನೂ ಸಾಚಾ ಅಲ್ಲ. ಆ ಜುಲೈಯಲ್ಲಿ ಅದು ಒಂದು ದಿನವೂ ಪೂರ್ತಿ ಒಣಗಲಿಲ್ಲ. ಒರೆಸಿದ ಮೇಲೆ ಬೆಂಚಿಗೆ ಮುಗ್ಗಲು ವಾಸನೆ ಬಂತು.

ನೀಲಿ ಟವೆಲಿನ ಹುಡುಗ ಒಂದು ದಿನ ತಾನಾಗಿಯೇ ಕರೆದ. "ಸರ್, ಸ್ವಲ್ಪ ಹಿಂದೆ ನಿಂತ್ಕೊಳ್ತೀರಾ?" 80 ಕಿಲೋ ಎತ್ತುವಾಗ ತಲೆಯ ಹಿಂದೆ ಒಬ್ಬರು ಬೇಕು. ಖಾಲಿ ರಾಡಿನವನು ನಾನೇನು ಹಿಡಿಯಲಿ? ಆದರೂ ನಿಂತೆ. ಆರು ಸಲ ಸಲೀಸಾಗಿ ಹೋಯಿತು. ಏಳನೆಯದು ಅರ್ಧದಲ್ಲಿ ನಿಂತಿತು. ಅವನ ಮೊಣಕೈ ನಡುಗುತ್ತಿದೆ, ಹಣೆಯ ನರ ಉಬ್ಬಿದೆ, ರಾಡು ಮೇಲೂ ಇಲ್ಲ, ಕೆಳಗೂ ಇಲ್ಲ. ನಾನು ಕೆಳಗಿನಿಂದ ಎರಡೂ ಕೈ ಕೊಟ್ಟೆ. ಅಷ್ಟಕ್ಕೇ ಅದು ನಿಧಾನಕ್ಕೆ ಎದ್ದು ಹೋಗಿ ಕೊಕ್ಕೆಗೆ ಕೂತಿತು. ಊರಲ್ಲಿ ಇದಕ್ಕೆ ಮುಯ್ಯಾಳು ಅನ್ನುತ್ತಾರೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮುಂದಿನ ಸರದಿ ನನ್ನದು. ಅವನು ಅಷ್ಟೇ ಗಂಭೀರವಾಗಿ ನನ್ನ ಖಾಲಿ ರಾಡಿನ ಹಿಂದೆ ನಿಂತ.

ಮೊನ್ನೆ ಊರಿಗೆ ಹೊರಟಿದ್ದೆ. ಅಭ್ಯಾಸಬಲದಿಂದ ಕಿಟಕಿಯಲ್ಲಿ ಟವೆಲ್ ಎಸೆದು, ನುಗ್ಗಿ ಹತ್ತಿ ನೋಡಿದರೆ ಅದೇ ಹುಡುಗ ನನ್ನ ಸೀಟಿನ ಪಕ್ಕ ನಿಂತಿದ್ದಾನೆ. "ಸರ್, ಇನ್ನೆಷ್ಟು ಸೆಟ್ ಇದೆ?"

"ಗಾಜನೂರು ತನಕ ನಾನು, ಮಂಡಗದ್ದೆ ತನಕ ನೀನು" ಅಂದೆ.

ಗಾಜನೂರಲ್ಲಿ ಎದ್ದು ಕೊಟ್ಟೆ. ಸಕ್ರೆಬೈಲು ದಾಟುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದ. ಮಂಡಗದ್ದೆ ಬಂತು, ಹೋಯಿತು. ನಾನು ಕಂಬಿ ಹಿಡಿದು ನಿಂತೇ ಇದ್ದೆ. ಎಬ್ಬಿಸೋಣ ಅಂತ ಭುಜದ ಹತ್ತಿರ ಕೈ ತೆಗೆದುಕೊಂಡು ಹೋದೆ. ಬಾಯಿಗೆ ಬಂದಿದ್ದು ಮಾತ್ರ "ಕಾಫಿ ಆಯ್ತಾ?"