ಅಳಿಯನಿಗೆ ಅಕ್ಷರಾಭ್ಯಾಸ

ಅಕ್ಕನ ಮಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟ್ರೈನಿ. ಮೂರು ವರ್ಷದಿಂದಲೂ ಟ್ರೈನಿ. ಟ್ರೈನಿ ಅಂದರೆ ತರಬೇತಿ ಪಡೆಯುವವನು ಅಂತ ನಾನು ತಿಳಿದಿದ್ದೆ. ಅಲ್ಲ ಮಾಮ, ಅದು ಸಂಬಳದ ಹೆಸರು ಅಂತ ಅವನೇ ತಿದ್ದಿದ. ಮೊನ್ನೆ ಭಾನುವಾರ ಮನೆಗೆ ಬಂದವನು ಬ್ಯಾಗಿನಿಂದ ಒಂದು ಸರ್ಟಿಫಿಕೇಟ್ ತೆಗೆದ. ಬಂಗಾರದ ಬಣ್ಣದ ಅಂಚು, ಮೂರು ಸಹಿ, ಒಂದು ಮೊಹರು. ರೋಬೋಟಿನ ಜೊತೆ ಕೆಲಸ ಮಾಡುವವರಿಗಾಗಿ ನಡೆದ 16 ಗಂಟೆಯ 'ಹ್ಯಾಂಡ್ಸ್ ಆನ್' ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿದ್ದಾನಂತೆ.

"ಏನೇನು ಕೈಯಲ್ಲಿ ಮುಟ್ಟಿಸಿದ್ರೋ?" ಅಂದೆ.

"ಪೆನ್ನು, ಮಾಮ."

ತರಬೇತಿ ನಡೆದದ್ದು ಕ್ಯಾಂಟೀನಿನಲ್ಲಿ. ರೋಬೋಟ್ ಇದ್ದದ್ದು ಗೋಡೆಯಾಚೆ, ಐವತ್ತು ಹೆಜ್ಜೆ ದೂರದಲ್ಲಿ. ಅದನ್ನು ಎರಡು ಗಂಟೆ ಬಿಟ್ಟುಕೊಡಿ ಅಂದರೆ ಪ್ರೊಡಕ್ಷನ್ ಮ್ಯಾನೇಜರ್ ಒಪ್ಪುವುದುಂಟೆ? ಲೈನ್ ನಿಂತರೆ ಟಾರ್ಗೆಟ್ ಬೀಳುತ್ತದೆ. ಹುಡುಗರನ್ನು ಬೇಕಾದರೆ ಎಷ್ಟು ಹೊತ್ತಾದರೂ ಕೂರಿಸಿಕೊಳ್ಳಿ ಅಂದರಂತೆ, ಅದೂ ರಾತ್ರಿ ಪಾಳಿ ಮುಗಿಸಿದವರನ್ನು. ಹಾಗಾಗಿ ಬೆಳಗಿನ ಆರೂವರೆಗೆ ಪ್ರೊಜೆಕ್ಟರ್ ಹಚ್ಚಿ 84 ಸ್ಲೈಡ್ ಓಡಿಸಿದರು. ಸ್ಲೈಡಿನಲ್ಲಿ ಕೆಂಪು ಕೂದಲಿನ ವಿದೇಶಿ ಕಾರ್ಮಿಕನೊಬ್ಬ ರೋಬೋಟಿನ ಪಕ್ಕ ನಿಂತು, ಸಂಬಳದ ದಿನ ನಕ್ಕ ಹಾಗೆ ನಗುತ್ತಿದ್ದ. ನಮ್ಮ ಹುಡುಗರು ತೂಕಡಿಸಿ ತಲೆ ಆಡಿಸಿದ್ದನ್ನು ತರಬೇತುದಾರರು ಅರ್ಥವಾಯಿತೆಂದು ಬರೆದುಕೊಂಡರು. ಕೊನೆಗೆ ಪರೀಕ್ಷೆ. ಹತ್ತು ಪ್ರಶ್ನೆ. ಯಾವುದಕ್ಕೂ ತಲೆಕೆಡಿಸಿಕೊಳ್ಳಬೇಡಿ, ಎಲ್ಲಕ್ಕೂ 'ಮೇಲಿನ ಎಲ್ಲವೂ' ಅಂತ ಗುರುತು ಹಾಕಿ ಅಂತ ಅವರೇ ಹೇಳಿದರು. ಎಲ್ಲರಿಗೂ ನೂರಕ್ಕೆ ನೂರು. ಕಾಫಿಯ ಜೊತೆ ಎರಡು ಬಿಸ್ಕತ್ತು.

ಇನ್ನು ರೋಬೋಟಿನ ವಿದ್ಯಾಭ್ಯಾಸ ಕೇಳಿ. ಹುಡುಗರು ಅದಕ್ಕೆ 'ಅಳಿಯ' ಅಂತ ಹೆಸರಿಟ್ಟಿದ್ದಾರೆ. ಅದರ ಕಂಟ್ರೋಲ್ ಪೆಟ್ಟಿಗೆಗೆ ಪ್ರತ್ಯೇಕ ಎಸಿ ಇದೆ. ಮುನಿಸಿಕೊಂಡು ಕೆಂಪು ದೀಪ ಹಚ್ಚಿದರೆ ಮ್ಯಾನೇಜರೇ ಓಡಿ ಬಂದು ಏನಾಯಿತು ಅಂತ ವಿಚಾರಿಸುತ್ತಾರೆ. ವರ್ಷಕ್ಕೊಮ್ಮೆ ಸರ್ವೀಸ್ ಕಾಂಟ್ರಾಕ್ಟಿನ ಉಡುಗೊರೆ ತಪ್ಪುವುದಿಲ್ಲ. ಈ ಅಳಿಯನಿಗೆ ಕಲಿಸಲು ಕಂಪನಿಯಿಂದ ಇಂಜಿನಿಯರ್ ಬಂದು ಮೂರು ವಾರ ಹೋಟೆಲಿನಲ್ಲಿದ್ದ. ಅದರ ತೋಳು ಹಿಡಿದು, ಇಲ್ಲಿಂದ ಎತ್ತು, ಹೀಗೆ ತಿರುಗು, ಅಲ್ಲಿ ಇಡು ಅಂತ ಒಂದೊಂದೇ ಜಾಗ ತೋರಿಸಿ ನೆನಪಿಡಿಸಿದ. ಹರಿವಾಣದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಓಂ ಬರೆಸುತ್ತಾರಲ್ಲ, ಥೇಟ್ ಹಾಗೆ. ತಪ್ಪಿದರೆ ಗದರಲಿಲ್ಲ, ಮೆಮೊ ಕೊಡಲಿಲ್ಲ, ಮತ್ತೆ ಮೊದಲಿಂದ ತೋರಿಸಿದ. ಹೀಗೆ ಕಲಿಸುವಾಗ ತೋಳು ಸೆಕೆಂಡಿಗೆ 250 ಮಿಲಿಮೀಟರಿಗಿಂತ ವೇಗವಾಗಿ ಚಲಿಸಬಾರದು ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಪಕ್ಕದಲ್ಲಿ ನಿಂತವನಿಗೆ ತಪ್ಪಿಸಿಕೊಳ್ಳಲು ಸಮಯ ಸಿಗಲಿ ಅಂತ. ಸ್ಲೈಡುಗಳಿಗೆ ಅಂಥ ವೇಗಮಿತಿ ಯಾವುದೂ ಇಲ್ಲ.

ಕಲಿಸುವವನ ಕೈಯಲ್ಲಿ ಪೆಂಡೆಂಟ್ ಅಂತ ಒಂದು ಫಲಕ ಇರುತ್ತದೆ, ಅದರ ಬೆನ್ನಿಗೆ ಒಂದು ಗುಂಡಿ. ಹದವಾಗಿ ಒತ್ತಿ ಹಿಡಿದರೆ ಮಾತ್ರ ರೋಬೋಟ್ ಕದಲುತ್ತದೆ. ಬಿಟ್ಟರೂ ನಿಲ್ಲುತ್ತದೆ, ಗಟ್ಟಿಯಾಗಿ ಹಿಸುಕಿದರೂ ನಿಲ್ಲುತ್ತದೆ. ಗಾಬರಿಯಾದ ಮನುಷ್ಯ ಒಂದೋ ಕೈ ಬಿಡುತ್ತಾನೆ, ಇಲ್ಲ ಮುಷ್ಟಿ ಬಿಗಿಯುತ್ತಾನೆ. ಎರಡನ್ನೂ ಯೋಚಿಸಿ ಮಾಡಿದ್ದಾರೆ ಪುಣ್ಯಾತ್ಮರು. ಆ ಹದ ಬೆರಳಿಗೆ ಗೊತ್ತಾಗಬೇಕಾದದ್ದು, ಹಸುವಿನ ಕೆಚ್ಚಲಿಗೆ ಕೈ ಹಾಕಿದವನಿಗೆ ಹಾಲು ಕರೆಯುವುದು ಗೊತ್ತಾದ ಹಾಗೆ. ನಮ್ಮ ಹುಡುಗನಿಗೆ ಅದು 41ನೇ ಸ್ಲೈಡ್.

2016ರಲ್ಲಿ ಇಂಥ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಎಸ್ಒ ಇನ್ನೊಂದು ದಾಖಲೆ ತಂದಿತು. ರೋಬೋಟ್ ತಗುಲಿದರೆ ಮೈಯ ಯಾವ ಭಾಗಕ್ಕೆ ಎಷ್ಟು ಒತ್ತಡದಲ್ಲಿ ನೋವು ಶುರುವಾಗುತ್ತದೆ ಅಂತ ಜರ್ಮನಿಯಲ್ಲಿ ಜನರ ಮೇಲೆಯೇ ಅಳೆದು, 29 ಜಾಗಗಳಿಗೆ ಒಂದು ಪಟ್ಟಿ ಮಾಡಿದ್ದಾರೆ. ನಮ್ಮಲ್ಲಿ ಆ ಪಟ್ಟಿಯ ಅಗತ್ಯ ಬಿದ್ದಿಲ್ಲ. "ಅಷ್ಟಕ್ಕೆಲ್ಲ ಯಾಕೋ ಅಳ್ತೀಯ" ಅನ್ನುವ ಒಂದೇ ಅಳತೆ ನೆತ್ತಿಯಿಂದ ಅಂಗಾಲಿನವರೆಗೂ ಸಾಕಾಗಿದೆ.

ಈ ಅಳಿಯ ಮನೆ ತುಂಬಿದ ಕತೆಯೇ ಒಂದು ಹರಿಕಥೆ. ಪಂಜರ ಬೇಡ, ಮನುಷ್ಯರ ಭುಜಕ್ಕೆ ಭುಜ ಕೊಟ್ಟು ಕೆಲಸ ಮಾಡುತ್ತದೆ ಅಂತ ಕೋಬಾಟ್ ಅನ್ನುವ ಜಾತಿಯ ರೋಬೋಟ್ ಕೊಂಡರು. ಮನುಷ್ಯರ ಪಕ್ಕ ಇರಬೇಕಾದ್ದರಿಂದ ಅದು ಮೆಲ್ಲಗೆ ನಡೆಯುತ್ತಿತ್ತು. ಟಾರ್ಗೆಟ್ ಸಾಲದು ಅಂತ ವೇಗ ಏರಿಸಿದರು. ವೇಗ ಏರಿದ್ದರಿಂದ ಸುತ್ತ ಪಂಜರ ಕಟ್ಟಿದರು. ಪಂಜರದ ಬಾಗಿಲು ತೆಗೆದರೆ ರೋಬೋಟ್ ನಿಲ್ಲುತ್ತದೆ, ನಿಂತರೆ ಮತ್ತೆ ಟಾರ್ಗೆಟ್ ಬೀಳುತ್ತದೆ. ಹಾಗಾಗಿ ಬಾಗಿಲಿನ ಸ್ವಿಚ್ಚಿಗೆ ಹೋಗಿ ಕೂರುವ ಕಬ್ಬಿಣದ ನಾಲಿಗೆಯ ಇನ್ನೊಂದು ಪ್ರತಿ ತರಿಸಿ, ಅಲ್ಲೇ ಸಿಕ್ಕಿಸಿ ಬಿಟ್ಟರು. ಬಾಗಿಲು ಹಾರು ಹೊಡೆದಿದ್ದರೂ ರೋಬೋಟಿನ ಲೆಕ್ಕದಲ್ಲಿ ಮುಚ್ಚಿಯೇ ಇರುತ್ತದೆ. ಆ ನಾಲಿಗೆ ಸೂಪರ್‌ವೈಸರ್ ಕೀಲಿಗೊಂಚಲಿನಲ್ಲಿ ಧರ್ಮಸ್ಥಳದ ಮಂಜುನಾಥಸ್ವಾಮಿಯ ಪಕ್ಕ ನೇತಾಡುತ್ತದೆ. ಆಡಿಟ್ ಇದ್ದ ದಿನ ಮಾತ್ರ ಅಲ್ಲಿರುತ್ತದೆ, ಮಿಕ್ಕ ದಿನ ಸ್ವಿಚ್ಚಿನಲ್ಲಿ. ಅದನ್ನು ಹಾಕಿ ತೆಗೆಯುವುದನ್ನು ರಾತ್ರಿ ಪಾಳಿಯ ಹಿರಿಯ ಆಪರೇಟರ್ ಹುಡುಗನ ಕೈ ಹಿಡಿದು ಏಳೇ ನಿಮಿಷದಲ್ಲಿ ಕಲಿಸಿದರು. ಸರ್ಟಿಫಿಕೇಟ್ ಇಲ್ಲದ ಆ ಪಾಠ ಒಂದೇ ಅವನಿಗೆ ಸಿಕ್ಕ ನಿಜವಾದ ಹ್ಯಾಂಡ್ಸ್ ಆನ್ ತರಬೇತಿ.

ಹೋದ ತಿಂಗಳು ಅಳಿಯ ಅರ್ಧದಲ್ಲಿ ನಿಂತ. ನಿಂತ ರೋಬೋಟ್ ಬೇರೆ, ಆಫ್ ಆದ ರೋಬೋಟ್ ಬೇರೆ. ಯಾವುದೋ ಸೆನ್ಸರಿನ ಒಪ್ಪಿಗೆಗಾಗಿ ಕಾದು ನಿಂತಿರುತ್ತದೆ, ಒಪ್ಪಿಗೆ ಬಂದ ಕ್ಷಣ ಹೊರಡುತ್ತದೆ. 2015ರಲ್ಲಿ ಹರಿಯಾಣದ ಮಾನೇಸರ್‌ನಲ್ಲಿ ಲೋಹದ ತಗಡು ಸರಿಪಡಿಸಲು ರೋಬೋಟಿನ ಹತ್ತಿರ ಹೋದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ನಮ್ಮ ಹುಡುಗನೂ ಒಳಗೆ ಹೋದ, ಸಿಕ್ಕಿಕೊಂಡಿದ್ದ ಬಿಡಿಭಾಗವನ್ನು ಎಳೆದ, ಸೆನ್ಸರ್ ಒಪ್ಪಿತು. ಅಳಿಯ ಮುಂದೆ ಬಂದು ಬಿಡಿಭಾಗದ ಬದಲು ಹುಡುಗನ ಕೊರಳಲ್ಲಿದ್ದ ಐಡಿ ಕಾರ್ಡನ್ನು ಭದ್ರವಾಗಿ ಹಿಡಿದು ಎಳೆದ. ಟ್ಯಾಗಿನ ಕ್ಲಿಪ್ ಕಿತ್ತು ಬಂತು. ಅತಿ ಕಡಿಮೆ ಕೊಟೇಶನ್ ಕೊಟ್ಟವನಿಂದ ಹತ್ತು ರೂಪಾಯಿಗೊಂದರಂತೆ ಕೊಂಡಿದ್ದ ಪ್ಲಾಸ್ಟಿಕ್ ಕ್ಲಿಪ್. ಆ ರಾತ್ರಿ ಆ ಪಂಜರದೊಳಗೆ ಸರಿಯಾಗಿ ಕೆಲಸ ಮಾಡಿದ ಸುರಕ್ಷತಾ ಸಾಧನ ಅದೊಂದೇ. ಕಾರ್ಡನ್ನು ಅಳಿಯ ಟ್ರೇನಲ್ಲಿ ನೀಟಾಗಿ ಜೋಡಿಸಿದ. ಅದು ಲಾಟಿನ ಜೊತೆ ಪ್ಯಾಕ್ ಆಗಿ ಗ್ರಾಹಕರ ಮನೆ ಸೇರಿತು.

(ಓಡುವ ಯಂತ್ರದ ಹತ್ತಿರ ಹೋಗುವವನಿಗೆ ವಿಶೇಷ ತರಬೇತಿ ಆಗಿರಬೇಕು, ಮೈಗೆ ಬಿಗಿಯಾದ ಉಡುಪು ಇರಬೇಕು, ಅದನ್ನು ಮಾಲೀಕರೇ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಉಡುಪು ಕೊಟ್ಟಿದ್ದಾರೆ, ಇಲ್ಲ ಅನ್ನುವಂತಿಲ್ಲ. ಸಗಟಿನಲ್ಲಿ ಅಗ್ಗ ಅಂತ ಎಲ್ಲರಿಗೂ ಎಕ್ಸ್ಎಲ್. ನಮ್ಮ ಹುಡುಗ ಐವತ್ತೆರಡು ಕೆಜಿ.)

ವಿಚಾರಣೆ ನಡೆಯಿತು. ಯಾಕೆ, ಯಾಕೆ, ಯಾಕೆ ಅಂತ ಐದು ಸಲ ಕೇಳಿ ಮೂಲ ಕಾರಣ ಹುಡುಕುವ ಜಪಾನೀ ಪದ್ಧತಿ ಇದೆಯಲ್ಲ, ನಮ್ಮವರು ಮೊದಲನೇ ಯಾಕೆಗೇ ಉತ್ತರ ಕಂಡುಕೊಂಡರು: ಆಪರೇಟರ್ ಅಜಾಗರೂಕತೆ. ಕಬ್ಬಿಣದ ನಾಲಿಗೆಯ ಬಗ್ಗೆ ಯಾರ ನಾಲಿಗೆಯೂ ಹೊರಳಲಿಲ್ಲ. ಐಡಿ ಕಾರ್ಡ್ ಕಳೆದದ್ದಕ್ಕೆ ಹುಡುಗನಿಗೆ ಮೆಮೊ, ಸಂಬಳದಲ್ಲಿ ಇನ್ನೂರು ರೂಪಾಯಿ ಕಡಿತ. ಅಳಿಯನಿಗೆ ಆಘಾತವಾಗಿರಬಹುದೆಂದು ಇಂಜಿನಿಯರ್ ಮತ್ತೆ ಬಂದು ಎರಡು ದಿನ ತೋಳು ಹಿಡಿದು ತಿದ್ದಿದ. ರೋಬೋಟ್ ಅನ್ನುವ ಪದ ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಬಂದದ್ದು. ಅದರ ಬೇರು 'ರೊಬೊಟಾ', ಅಂದರೆ ಒಡೆಯನಿಗೆ ಮಾಡುವ ಬಿಟ್ಟಿ ಚಾಕರಿ. ಹಾಗೆ ನೋಡಿದರೆ ಆ ಪಂಜರದ ಬಳಿ ರೋಬೋಟ್ ಯಾರು ಅನ್ನುವುದಕ್ಕೆ ಸಂಬಳದ ಚೀಟಿ ನೋಡಬೇಕು.

ಹುಡುಗನಿಗೂ ಮರುತರಬೇತಿ ಆಯಿತೆನ್ನಿ. ನನಗೆ ತೋರಿಸಿದ ಸರ್ಟಿಫಿಕೇಟ್ ಅದರದ್ದೇ. ಮೊದಲನೆಯದು ಅಕ್ಕನ ಮನೆಯಲ್ಲಿ ಆಗಲೇ ಲ್ಯಾಮಿನೇಟ್ ಆಗಿ ದೇವರ ಫೋಟೋ ಪಕ್ಕ ಇದೆ. ಈ ಸಲ ಫೈಲಿಗೆ ಫೋಟೋ ಬೇಕೇ ಬೇಕು ಅಂತ ಗ್ರಾಹಕರು ಪಟ್ಟು ಹಿಡಿದಿದ್ದರಂತೆ. ಹಾಗಾಗಿ ಎಲ್ಲರನ್ನೂ ಹೆಲ್ಮೆಟ್ ಹಾಕಿಸಿ ಪಂಜರದೊಳಗೆ ಕರೆದುಕೊಂಡು ಹೋದರು. ಊಟದ ಬಿಡುವು, ಅಳಿಯ ಆಫ್ ಆಗಿದ್ದ. ಹುಡುಗನಿಗೆ ಖುಷಿಯಾಗಿ, ಮೂರು ವರ್ಷದಲ್ಲಿ ಮೊದಲ ಸಲ ಅದರ ತೋಳಿನ ಮೇಲೆ ಅಂಗೈ ಇಡಲು ಹೋದ. ಮೊಬೈಲ್ ಹಿಡಿದಿದ್ದ ಎಚ್ಆರ್ ಮೇಡಂ ಹೌಹಾರಿ ಕೂಗಿದರು:

"ಏಯ್, ಮುಟ್ಟಬೇಡಪ್ಪಾ! ಮುಟ್ಟಿದ ಹಾಗೆ ನಿಂತ್ಕೋ, ಸಾಕು."