ಹೆಬ್ಬೆಟ್ಟಿನ ಕೆಲಸ

ಹೆಬ್ಬೆಟ್ಟು ಅಂದರೆ ನಮ್ಮ ಕಡೆ ಬರೇ ಬೆರಳಲ್ಲ, ಓದು ಬಾರದವನಿಗೆ ಅಂಟಿಸುವ ಹೆಸರೂ ಹೌದು. ಆದರೆ ಕಬಡ್ಡಿ, ಖೋಖೋ ಆಡುವ ಹುಡುಗರ ಫೋಟೊ ತೆಗೆಯಲು ಕೂತವರ ಕೈಯಲ್ಲಿ ಎಲ್ಲಕ್ಕಿಂತ ಹೆಚ್ಚು ವಿದ್ಯೆ ಕಲಿಯಬೇಕಾದ್ದು ಅದೇ ಬೆರಳು.

ಹುಬ್ಬಳ್ಳಿ-ಧಾರವಾಡದ ಕ್ಯಾಮೆರಾದವರಲ್ಲಿ ಬಹಳ ಮಂದಿ ಪಳಗುವುದು ಮದುವೆ ಮಂಟಪದಲ್ಲಿ. ಅಲ್ಲಿ "ಸ್ವಲ್ಪ ಈ ಕಡೆ ನೋಡ್ರಿ" ಅಂದರೆ ಮದುಮಗ ನೋಡುತ್ತಾನೆ. ಅಕ್ಕಿಕಾಳು ಹಿಡಿದ ಕೈಗಳೂ ಗಳಿಗೆ ತಡೆಯುತ್ತವೆ. ತೋರುಬೆರಳಿನಿಂದ ಬಟನ್ ಅರ್ಧ ಒತ್ತಿ ಫೋಕಸ್ ಹಿಡಿದು, ಪೂರ್ತಿ ಒತ್ತಿದರೆ ಕೆಲಸ ಆಯಿತು. ನೆಹರೂ ಮೈದಾನದಲ್ಲಿ ಎದುರಿಗೆ ಓಡಿಬರುವ ಹುಡುಗನಿಗೆ ಈ ಸಂಸ್ಕಾರ ಇಲ್ಲ. ಸೆಕೆಂಡಿಗೆ 7 ಮೀಟರ್ ಓಡುವವನು, ಅರ್ಧ ಒತ್ತಿದ್ದಕ್ಕೂ ಪೂರ್ತಿ ಒತ್ತಿದ್ದಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಪಾಲು ಕಳೆದರೂ 70 ಸೆಂಟಿಮೀಟರ್ ಮುಂದೆ ಬಂದಿರುತ್ತಾನೆ. ಫುಲ್‌ಫ್ರೇಮ್ ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ 200 ಎಂಎಂ ಲೆನ್ಸ್ ಹಾಕಿ, ಎಫ್ 2.8ರಲ್ಲಿ (ಇದು ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ಅಗಲ) ಹತ್ತು ಮೀಟರ್ ದೂರದವನನ್ನು ಹಿಡಿದರೆ ಚೊಕ್ಕಟವಾಗಿ ಕಾಣುವ ಜಾಗದ ಆಳ ಹೆಚ್ಚುಕಡಿಮೆ 40 ಸೆಂಟಿಮೀಟರ್ ಅಷ್ಟೇ. ಹಾಗಾಗಿ ಚಿತ್ರದಲ್ಲಿ ಹಿಂದಿನ ಸುಣ್ಣದ ಗೆರೆ ಕಣ್ಣಿಗೆ ಹೊಡೆಯುವಂತೆ ಬಂದಿರುತ್ತದೆ, ಹುಡುಗ ಮಾತ್ರ ಮಂಜಿನಲ್ಲಿ ಹೋದಂತಿರುತ್ತಾನೆ.

ಮೊದಲು ಮಾಡಬೇಕಾದ್ದು ಫೋಕಸ್ಸನ್ನು ಬಿಡದೆ ಬೆನ್ನಟ್ಟುವ ಮೋಡ್‌ಗೆ ಹಾಕುವುದು. ಕ್ಯಾನನ್‌ನಲ್ಲಿ ಅದು ಸರ್ವೊ, ನಿಕಾನ್-ಸೋನಿಗಳಲ್ಲಿ ಎಎಫ್-ಸಿ. ಆಮೇಲೆ ಹೆಬ್ಬೆಟ್ಟಿನ ಸರದಿ. ಕ್ಯಾಮೆರಾದ ಬೆನ್ನ ಮೇಲಿನ ಎಎಫ್-ಆನ್ ಬಟನ್ನಿಗೆ ಫೋಕಸ್ ಕೆಲಸ ಒಪ್ಪಿಸಿ, ಫೋಟೊ ತೆಗೆಯುವ ಶಟರ್ ಬಟನ್ನಿನಿಂದ ಅದನ್ನು ಕಿತ್ತುಕೊಳ್ಳಬೇಕು. ಈ ಎರಡನೆಯದನ್ನೇ ಬಹಳ ಜನ ಮರೆಯುವುದು. ಆಗ ಎರಡೂ ಬೆರಳು ಫೋಕಸ್ ಎಳೆಯತೊಡಗುತ್ತವೆ, ಒಂದೇ ಒಲೆಗೆ ಇಬ್ಬರು ಅಡಿಗೆಯವರು ನಿಂತ ಹಾಗೆ. ಎಎಫ್-ಆನ್ ಇಲ್ಲದ ಅಗ್ಗದ ಮಾಡೆಲ್ ಆದರೆ ಎಇ-ಎಲ್ ಅಥವಾ ನಕ್ಷತ್ರದ ಗುರುತಿನ ಬಟನ್ನಿಗೆ ಆ ಕೆಲಸ ಕೊಡಬಹುದು. ಉಪಾಯ ಹೊಸದೇನಲ್ಲ, ಕ್ಯಾನನ್ 1989ರಲ್ಲೇ ಇಒಎಸ್ 630ರಲ್ಲಿ ತಂದಿತ್ತು. ನಮ್ಮ ಬೆರಳಿಗೆ ಹೊಸದು, ಅಷ್ಟೇ.

ರೂಢಿ ಮಾಡಿಕೊಳ್ಳಲು ಮೈದಾನಕ್ಕೇ ಹೋಗಬೇಕಿಲ್ಲ. ಹುಬ್ಬಳ್ಳಿ-ಧಾರವಾಡ ರಸ್ತೆಯ ಬದಿಗೆ ನಿಂತು ಚಿಗರಿ ಎಂದು ಹೆಸರಿಟ್ಟ ನಮ್ಮ ಬಿಆರ್‌ಟಿಎಸ್ ಬಸ್ಸಿನ ನಂಬರ್ ಪ್ಲೇಟಿನ ಮೇಲೆ ಫೋಕಸ್ ಚುಕ್ಕೆ ಇಟ್ಟು, ಹೆಬ್ಬೆಟ್ಟು ಒತ್ತಿಹಿಡಿದು, ಹತ್ತಿರ ಬರುವವರೆಗೂ ಬಿಡದೆ ತೆಗೆಯಿರಿ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್, ಶಾಲೆಯ ಯಾವ ಹುಡುಗನೂ ಅಷ್ಟು ಓಡಲಾರ. ಆಮೇಲೆ ಚಿತ್ರಗಳನ್ನು ಹಿಗ್ಗಿಸಿ, ನಂಬರ್ ಎಷ್ಟರಲ್ಲಿ ಓದಲು ಬರುತ್ತದೆ ಎಂದು ಎಣಿಸಿದರೆ ನಿಮ್ಮ ಮಾರ್ಕ್ಸ್ ಕಾರ್ಡ್ ಸಿಕ್ಕಿತು. ಆದರೆ ಇದು ಹೆಸರಿಗಷ್ಟೇ ಚಿಗರಿ. ನೆಗೆಯುವುದಿಲ್ಲ, ಗಕ್ಕನೆ ಹೊರಳುವುದಿಲ್ಲ. ಅದನ್ನು ಕಲಿಸುವುದು ಖೋಖೋ.

ಕ್ಯಾಮೆರಾದವರ ಮೇಲೆ ಖೋಖೋದಷ್ಟು ಕರುಣೆ ತೋರಿಸುವ ಆಟ ಇನ್ನೊಂದಿಲ್ಲ. ಬೆನ್ನಟ್ಟುವವಳು ಒಮ್ಮೆ ಹಿಡಿದ ದಿಕ್ಕನ್ನು ನಡುದಾರಿಯಲ್ಲಿ ತಿರುಗಿಸುವಂತಿಲ್ಲ, ಕೂತವರ ಸಾಲನ್ನು ಸೀಳಿ ಆಚೆ ಹೋಗುವಂತೆಯೂ ಇಲ್ಲ. ಖೋ ಕೊಡದಿದ್ದರೆ ಅವಳು ಕಂಬಕ್ಕೇ ಬರಬೇಕು. ಆದ್ದರಿಂದ ಕಂಬದ ಮೇಲೆ ಚುಕ್ಕೆ ಇಟ್ಟು, ಹೆಬ್ಬೆಟ್ಟಿನಿಂದ ಒಮ್ಮೆ ಒತ್ತಿ, ಬೆರಳು ಎತ್ತಿಬಿಡಿ. ಫೋಕಸ್ ಅಲ್ಲೇ ನಿಲ್ಲುತ್ತದೆ, ಶಟರ್ ಎಷ್ಟು ಸಲ ಒತ್ತಿದರೂ ಕದಲುವುದಿಲ್ಲ. ಕೈ ಕಂಬಕ್ಕೆ ತಾಗಿ ಮೈ ಬಿಲ್ಲಿನಂತೆ ಬಾಗುವ ಗಳಿಗೆಗೆ ಶಟರ್ ವೇಗ 1/1000 ಸೆಕೆಂಡಿಗೆ ಇಟ್ಟು ನಾಲ್ಕೈದು ಹೊಡೆತ ಸಾಕು. ಬೆಳಕಿದ್ದರೆ ಕಿಂಡಿಯನ್ನು ಎಫ್ 4ಕ್ಕೆ ಕಿರಿದು ಮಾಡಿ, ಕಂಬದ ಹಿಂದೆ ಮುಂದೆ ಚೊಕ್ಕಟವಾಗಿ ಕಾಣುವ ತುಸು ಜಾಗ ಸಿಗುತ್ತದೆ.

ಸಾಲಿನ ನಡುವೆ ಓಡುವವರನ್ನು ಹಿಡಿಯುವಾಗ ಮಾತ್ರ ಕೂತ ಎಂಟು ತಲೆಗಳ ಕಾಟ. ಒಂದು ತಲೆ ಅಡ್ಡ ಬಂದರೆ ಸಾಕು, ಫೋಕಸ್ ಅದರ ಜಡೆಗೆ ಜೋತುಬೀಳುತ್ತದೆ. ಇದಕ್ಕೆ ಮೆನುವಿನಲ್ಲಿ ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಎಂಬ ತಿರುಪು ಇದೆ: ಅಡ್ಡ ಬಂದದ್ದಕ್ಕೆ ಎಷ್ಟು ಬೇಗ ಮನಸ್ಸು ಬದಲಿಸಬೇಕು ಎಂಬ ಲೆಕ್ಕ. ಸೋನಿಯಲ್ಲಿ 1 ಅಂದರೆ ಹಿಡಿದದ್ದನ್ನು ಬಿಡದ ಹಟ. ನಿಕಾನ್‌ನಲ್ಲಿ ಅದೇ ಹಟಕ್ಕೆ 5. ಗೆಳೆಯನ ಸೆಟ್ಟಿಂಗ್ ಕೇಳಿಕೊಂಡು ಹಾಕುವವರು ಮೊದಲು ಅವನ ಕಂಪನಿ ಯಾವುದು ಅಂತ ಕೇಳುವುದು ಒಳ್ಳೆಯದು.

ಕಬಡ್ಡಿಯಲ್ಲಿ ಮುಖಗಳೇ ಶತ್ರು. ಮುಖ ಗುರುತಿಸುವ ಹೊಸ ಕ್ಯಾಮೆರಾ ರೇಡರ್‌ನನ್ನು ಬಿಟ್ಟು, ಕೈಕೈ ಹಿಡಿದು ನಿಂತ ಏಳು ಜನರಲ್ಲಿ ಚೆಂದದ ಮುಖದವನನ್ನು ಆರಿಸಿಕೊಳ್ಳುತ್ತದೆ. ಆದ್ದರಿಂದ ಫೋಕಸ್ ಕ್ಷೇತ್ರವನ್ನು ಚಿಕ್ಕದು ಮಾಡಿ, ಎದೆಯ ಮೇಲಿನ ನಂಬರಿಗೆ ಗುರಿ ಇಡಿ. ಬನಿಯನ್ ಬಣ್ಣಕ್ಕೂ ನಂಬರಿಗೂ ವ್ಯತ್ಯಾಸ ಎದ್ದು ಕಾಣುವುದರಿಂದ ಅಲ್ಲಿ ಹಿಡಿತ ಗಟ್ಟಿ. ಕೂರುವುದು ಹಿಡಿಯುವವರ ಹಿಂದಿನ ಮೂಲೆಯಲ್ಲಿ, ಆಗ ರೇಡರ್ ಮುಖ ನಿಮ್ಮ ಕಡೆ. 30 ಸೆಕೆಂಡಿನ ರೇಡಿನಲ್ಲಿ ಆಟ ಎದ್ದುನಿಲ್ಲುವುದು ಅವನು ಹಿಂದಿರುಗುವಾಗ. ಹಾಗಂತ ಮೊದಲೇ ಹೆಬ್ಬೆಟ್ಟು ಸಡಿಲಿಸಿದರೆ ಕಾಲು ಹಿಡಿದು ಬೀಳಿಸುವ ಹೊತ್ತಿಗೆ ಫೋಕಸ್ ಹಿಂದೆಲ್ಲೋ ಉಳಿದಿರುತ್ತದೆ.

ಒಳಾಂಗಣದಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬ ಅಂಕಿ) 3200ರಿಂದ 6400, ಎಫ್ 2.8, ಶಟರ್ 1/800 ಸೆಕೆಂಡ್. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಎಫ್ 5.6ರದ್ದಾದರೆ ಅದೇ ಬೆಳಕಿಗೆ 1/200ಕ್ಕೆ ಇಳಿಯಬೇಕು. ಆಗ ಕೈಕಾಲು ಮಸುಕಾಗುವುದು ಶಟರ್ ನಿಧಾನವಾದ್ದರಿಂದ, ಫೋಕಸ್ಸಿನ ತಪ್ಪಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಕಣ್ಣು ಮಿಟುಕಿಸುತ್ತದೆ. ಒಂದು ಚಿತ್ರ ಹಳದಿ, ಮುಂದಿನದು ಕಪ್ಪು ಬಂದರೆ ಆಂಟಿ-ಫ್ಲಿಕರ್ ಹಾಕಿರಿ.

ಇಷ್ಟೆಲ್ಲ ಆದ ಮೇಲೆ ಕಪ್ ಬರುತ್ತದೆ, ಗ್ರೂಪ್ ಫೋಟೊ ಬೇಕಾಗುತ್ತದೆ, ಫೋಟೊದವರೂ ಬರಬೇಕು ಎಂದು ಹುಡುಗರು ಜಗ್ಗುತ್ತಾರೆ. ಕ್ಯಾಮೆರಾ ಪಿಟಿ ಮಾಸ್ತರ ಕೈಗೆ ಹೋಗುತ್ತದೆ. ಅವರು ಒತ್ತುತ್ತಾರೆ, ಪರದೆ ನೋಡುತ್ತಾರೆ, ಮತ್ತೆ ಒತ್ತುತ್ತಾರೆ.

"ಎಲ್ಲಾರೂ ಮಸುಕಮಸುಕ ಬರಾಕತ್ತೀರಲ್ರಿ, ಕೆಟ್ಟೈತೇನು?"

"ಇಲ್ರಿ ಸರ, ಹಿಂದೊಂದು ಬಟನ್ ಐತಿ ನೋಡ್ರಿ. ಮೊದ್ಲ ಹೆಬ್ಬಟ್ಟು ಒತ್ರಿ."

ಮಾಸ್ತರರು ತಲೆ ಎತ್ತಿ ಒಮ್ಮೆ ದಿಟ್ಟಿಸುತ್ತಾರೆ.